ದಫೇದಾರರ ಮನೆಯ ಬಾಗಿಲು

ನಮ್ಮ ಊರಿನಲ್ಲಿ ಮನಸ್ಸು ಕೆಟ್ಟವರ ಮನೆಯಲ್ಲಿ ಮೊದಲು ಹೋಗುವುದು ಬಾಗಿಲು. ಊಟ, ನಿದ್ದೆ, ಮಾತು ಎಲ್ಲ ಆಮೇಲೆ. ಬೆಳಿಗ್ಗೆ ಹಾಲಿನವನು ಬಂದು ನೋಡಿದರೆ ಬಾಗಿಲಿದ್ದ ಕಡೆ ಗೋಡೆ ಇರುತ್ತದೆ. ಸುಣ್ಣವೂ ಹಳೆಯದೇ, ಬಿರುಕೂ ಹಳೆಯದೇ. ಹೊಸ್ತಿಲ ಮೇಲಿನ ರಂಗೋಲಿ ಅರ್ಧ ಮಾತ್ರ ಉಳಿದಿರುತ್ತದೆ. ಬಾಗಿಲಿನ ಹಿಂದೆಯೇ ಕಿಟಕಿಗಳೂ ಹೋಗಿರುತ್ತವೆ. ಹಾಲಿನವನು ಪ್ಯಾಕೆಟ್ಟನ್ನು ಪಕ್ಕದ ಮನೆಯಲ್ಲಿ ಕೊಟ್ಟು, ಠಾಣೆಗೊಂದು ಫೋನ್ ಮಾಡಿ, ಮುಂದಿನ ಮನೆಗೆ ಹೋಗುತ್ತಾನೆ.

ಊರು ಇದಕ್ಕೆ ಹೊಂದಿಕೊಂಡಿದೆ. ಮನೆ ಕಟ್ಟುವವರು ಬೀದಿ ಕಡೆಯ ಗೋಡೆಯಲ್ಲಿ, ಕುಳಿತವರ ಬಾಯಿಯ ಎತ್ತರಕ್ಕೆ, ಅಂಗೈ ಅಗಲದ ಒಂದು ಕಿಂಡಿ ಬಿಡದಿದ್ದರೆ ಪುರಸಭೆ ಪರವಾನಗಿ ಕೊಡುವುದಿಲ್ಲ. ಏನೇ ಆದರೂ ಕಿಂಡಿ ಮಾತ್ರ ಹೋಗುವುದಿಲ್ಲ. ಉಳ್ಳವರು ಅದಕ್ಕೆ ಹಿತ್ತಾಳೆಯ ಮುಚ್ಚಳ ಹಾಕಿಸುತ್ತಾರೆ, ಇಲ್ಲದವರು ಮರದ ತುಂಡನ್ನು ತುರುಕುತ್ತಾರೆ. ಹೆಣ್ಣು ನೋಡಲು ಬಂದವರು "ನಿಮ್ಮ ಮನೆಯಲ್ಲಿ ಯಾರದಾದರೂ ಬಾಗಿಲು ಹೋಗಿತ್ತೇ" ಎಂದು ಬಾಯಿಬಿಟ್ಟು ಕೇಳುವುದಿಲ್ಲ. ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿ ಕಿಂಡಿಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡುತ್ತಾರೆ. ಅಂಚು ನುಣ್ಣಗಾಗಿದ್ದರೆ ಯಾರೋ ಮೊಣಕೈ ಊರಿ ಬಹಳ ಹೊತ್ತು ಮಾತಾಡಿದ್ದಾರೆ ಎಂದು ಅರ್ಥ.

ಹಾಗೆ ಮೊಣಕೈ ಊರುವುದೇ ನನ್ನ ಕೆಲಸವಾಗಿತ್ತು. ನಾನು ಮಾನಸಿಕ ರೋಗಿಗಳ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಬಾಗಿಲು ಹೋದ ಮನೆಗಳಿಗೆ ಪೊಲೀಸರ ಜೊತೆ ಒಬ್ಬ ನರ್ಸ್ ಹೋಗತಕ್ಕದ್ದು ಎಂದು ಸರ್ಕಾರದ ಆದೇಶ ಬಂದಾಗ ಬೇರೆ ಯಾರೂ ಒಪ್ಪಲಿಲ್ಲ. ಅದಕ್ಕೆ ನಾನು ಹೋದೆ. ಮೊದಲ ದಿನ ಜೀಪಿನ ಹಿಂದೆ ಹಾರೆ, ದೊಡ್ಡ ಸುತ್ತಿಗೆ, ಹಗ್ಗ ಎಲ್ಲವೂ ಇದ್ದವು, ನನಗೆ ಮಾತ್ರ ಜಾಗವಿರಲಿಲ್ಲ. ಪೊಲೀಸಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ದಫೇದಾರ್ ಪುಟ್ಟಮಲ್ಲಪ್ಪನವರು ಇಳಿದು, ಸುತ್ತಿಗೆಯನ್ನು ತಮ್ಮ ಕಾಲ ಕೆಳಗೆ ಹಾಕಿಕೊಂಡು, ಆ ಜಾಗದಲ್ಲಿ ಗೋಣಿಚೀಲ ಹಾಸಿ, "ಕೂತ್ಕೊಳಿ ಸಿಸ್ಟರ್, ಎಣ್ಣೆ ಅಂಟುತ್ತೆ, ಸೀರೆ ನೋಡ್ಕೊಳಿ" ಎಂದರು. ಅಂದಿನಿಂದ ನಾವಿಬ್ಬರೂ ಒಂದು ಜೋಡಿ. ನಾನು ಕಿಂಡಿಯ ಹತ್ತಿರ ಕೂರುತ್ತಿದ್ದೆ, ಅವರು ಜನರನ್ನು ನೋಡಿಕೊಳ್ಳುತ್ತಿದ್ದರು. ಅಳುವ ಅತ್ತೆಯನ್ನು ತೆಂಗಿನಕಾಯಿ ತರಲು ಕಳಿಸುವುದು, ಬುದ್ಧಿ ಹೇಳಲು ಬಂದ ಮಾವನಿಗೆ ಜೀಪು ಕಾಯುವ ಕೆಲಸ ಕೊಡುವುದು, ಇದರಲ್ಲಿ ಅವರನ್ನು ಮೀರಿಸಿದವರನ್ನು ನಾನು ನೋಡಿಲ್ಲ. ನನ್ನ ಮಂಡಿ ನೋವು ಶುರುವಾದ ಮೇಲೆ ಒಂದು ಪುಟ್ಟ ಸ್ಟೂಲು ಮಾಡಿಸಿ ಸೀಟಿನ ಕೆಳಗೆ ಇಟ್ಟರು.

ಕೆಲಸವನ್ನು ನಾನು ಕಲಿತದ್ದು ಕಿಂಡಿಗಳ ಮುಂದೆ. ಒಳಗಿರುವವರಿಗೆ ಕೊಡಲು ಎಲ್ಲರೂ ಸಿದ್ಧರಿರುತ್ತಾರೆ. ಊಟ ಕೊಡುತ್ತಾರೆ, ಮಾತ್ರೆ ಕೊಡುತ್ತಾರೆ, ಬುದ್ಧಿಯಂತೂ ಧಾರಾಳವಾಗಿ ಕೊಡುತ್ತಾರೆ. ಅವರಿಂದ ಏನನ್ನೂ ಯಾರೂ ಕೇಳುವುದಿಲ್ಲ. ಯಾಕೆ ಹೀಗಾಯಿತು ಎಂದು ನಾನು ಕೇಳುತ್ತಿರಲಿಲ್ಲ. ಇವತ್ತು ಏನು ಅಡುಗೆ ಎಂದು ಶುರುಮಾಡುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಒಂದು ಚಿಟಿಕೆ ಉಪ್ಪೋ ಬೆಂಕಿಪೊಟ್ಟಣವೋ ಕೇಳುತ್ತಿದ್ದೆ. ಕೊಡಲು ಎದ್ದವರು ಅರ್ಧ ದಾರಿ ಬಂದಂತೆ. ಗೋಡೆಯವರೆಗೆ ಬಂದು, ಕೊಡುವುದಕ್ಕೆಂದು ತಾವಾಗಿ ಅದರ ಮೇಲೆ ಕೈ ಊರಿದರೆ ಬಾಗಿಲು ಬರುತ್ತದೆ. ಹಳೆಯ ಜಾಗದಲ್ಲೇ ಬರುತ್ತದೆ ಎಂದೇನೂ ಇಲ್ಲ. ಒಬ್ಬ ವಕೀಲರಿಗೆ ಬಚ್ಚಲುಮನೆಯ ಗೋಡೆಯಲ್ಲಿ ಬಂತು. ಕಕ್ಷಿದಾರರು ಈಗಲೂ ಹಂಡೆಯ ಪಕ್ಕದಲ್ಲಿ ಹಾದು ಒಳಗೆ ಹೋಗುತ್ತಾರೆ.

ಗೋಡೆ ಒಡೆದರೂ ಮನುಷ್ಯ ಹೊರಗೆ ಬರುತ್ತಾನೆ. ಆದರೆ ಒಡೆಸಿಕೊಂಡು ಬಂದವನಿಗೆ ಆಮೇಲೆ ಯಾವ ಮನೆಯೂ ಆಗುವುದಿಲ್ಲ. ಅವನು ಎಲ್ಲಿ ಮಲಗಿದರೂ ಬೆಳಿಗ್ಗೆಯ ಹೊತ್ತಿಗೆ ಅಲ್ಲಿನ ಬಾಗಿಲು ಹೋಗಿರುತ್ತದೆ. ಅಂಥವರು ಬಸ್ ನಿಲ್ದಾಣದಲ್ಲಿ, ಗೋಡೆಯಿಲ್ಲದ ಚಾವಣಿಯ ಕೆಳಗೆ ಮಲಗುತ್ತಾರೆ. ಊರಿನವರು ಅವರನ್ನು ಬಯಲಿನವರು ಎನ್ನುತ್ತಾರೆ. ಪುರಸಭೆ ಕಂಬಳಿ ಕೊಡುತ್ತದೆ. ಹಬ್ಬದ ದಿನ ಒಂದೆರಡು ಮನೆಯಿಂದ ಒಬ್ಬಟ್ಟು ಹೋಗುತ್ತದೆ.

ಹೊಸ ಎಸ್‌ಐ ಫಣೀಂದ್ರ ಸಾಹೇಬರು ಒಡೆಯುವ ಕಡೆಯವರು. ಅವರು ಕೆಟ್ಟವರಲ್ಲ. ಹಿಂದೆ ಒಂದು ಮನೆಯ ಮುಂದೆ ಅವರು ತಾಳ್ಮೆಯಿಂದ ಕಾದಿದ್ದರು, ಒಳಗಿದ್ದ ಹೆಂಗಸು ಬದುಕಲಿಲ್ಲ. "ಬಯಲಲ್ಲಾದರೂ ಇರಲಿ ಸಿಸ್ಟರ್, ಇರಲಿ" ಎನ್ನುತ್ತಿದ್ದರು. ಅದಕ್ಕೆ ಎದುರು ಮಾತಾಡುವುದು ಸುಲಭವಲ್ಲ. ಎರಡು ರಾತ್ರಿ ಕಾಯುವುದು, ಮೂರನೆಯ ರಾತ್ರಿಗೆ ಬಿಡದೆ ಒಡೆಯುವುದು ಎಂದು ಅವರೇ ನಿಯಮ ಮಾಡಿದರು. ನನ್ನ ಮಗಳ ಬಾಣಂತನಕ್ಕೆ ನಾನು ರಜೆ ಹಾಕಿದ್ದಾಗ ಸೈಕಲ್ ಶಾಪಿನ ರುದ್ರಮುನಿಯ ಬಾಗಿಲು ಹೋಯಿತು. ಕಿಂಡಿಗೆ ಮರದ ತುಂಡು ತುರುಕಿಕೊಂಡಿದ್ದ, ಯಾರ ಮಾತಿಗೂ ತೆಗೆಯಲಿಲ್ಲ. ಸಾಹೇಬರ ಆದೇಶದಂತೆ ಸುತ್ತಿಗೆ ಎತ್ತಿದವರು ಪುಟ್ಟಮಲ್ಲಪ್ಪನವರು.

ನಾನು ರಜೆ ಮುಗಿಸಿ ಬಂದು ಸ್ವಲ್ಪ ದಿನವಾಗಿತ್ತು. ಒಂದು ಬೆಳಿಗ್ಗೆ ಠಾಣೆಗೆ ಖುರ್ಷಿದಾಬಿ ಬಂದಳು. ಹೆಂಗಸರ ಬಟ್ಟೆ ಹೊಲಿಯುವವಳು, ಪುಟ್ಟಮಲ್ಲಪ್ಪನವರ ಮನೆಗೆ ಅಂಟಿಕೊಂಡಂತೆ ಅವಳ ಅಂಗಡಿ. ಹಿಂದೆ ಯಾರೋ ಅಣ್ಣತಮ್ಮಂದಿರ ಒಂದೇ ಮನೆಯಾಗಿದ್ದದ್ದು ಪಾಲಾಗಿ, ನಡುವೆ ಒಂದಿಟ್ಟಿಗೆಯ ತೆಳು ಗೋಡೆ ಎದ್ದಿತ್ತು. ಅವಳು ಬಾಗಿಲಲ್ಲೇ ನಿಂತು, "ನಿಮ್ಮ ದಫೇದಾರ್ರ ಮನೆ ಬಾಗಿಲು ಹೋಗಿದೆ. ಬಂದು ನೋಡ್ಕೊಳಿ. ನನ್ ಅಂಗಡಿ ಮುಂದೆ ಜನ ಸೇರಿಸ್ಬೇಡಿ" ಎಂದು ಹೇಳಿ ಹೋದಳು.

ಸಾಹೇಬರೇ ಜೀಪು ಓಡಿಸಿದರು.

ಪುಟ್ಟಮಲ್ಲಪ್ಪನವರು ಮದುವೆಯಾಗದೆ ಉಳಿದವರು, ಒಬ್ಬರೇ ಇರುತ್ತಿದ್ದರು. ಸಕ್ಕರೆ ಕಾಯಿಲೆ ಬೇರೆ, ದಿನವೂ ಇಂಜೆಕ್ಷನ್ ಚುಚ್ಚಿಕೊಳ್ಳಬೇಕು. ನಾನು ಕಿಂಡಿಯ ಹತ್ತಿರ ನೆಲದ ಮೇಲೆ ಕುಳಿತೆ. ಮುಚ್ಚಳ ತೆರೆದೇ ಇತ್ತು.

"ಮಲ್ಲಪ್ಪನೋರೆ, ನಾನು."

"ಗೊತ್ತು. ಸ್ಟೂಲ್ ತರ್ಲಿಲ್ವಾ?"

"ಯಾರೂ ತರ್ಲಿಲ್ಲ."

"ಸೀಟ್ ಕೆಳಗಿದೆ, ತರ್ಸಿ. ಆಮೇಲೆ ಏಳೋಕಾಗಲ್ಲ ಅಂತ ನನ್ನೇ ಕೈ ಹಿಡಿ ಅಂತೀರಿ. ಈಗ ನನ್ ಕೈ ಎಲ್ಲಿ ಸಿಗುತ್ತೆ."

ಸ್ಟೂಲು ಬಂತು. ನಾನು ಕುಳಿತುಕೊಂಡೆ.

"ಕೇಳಿ" ಎಂದರು.

"ಏನು?"

"ಏನ್ ಅಡುಗೆ ಅಂತ. ಮೊದಲು ಅಡುಗೆ, ಆಮೇಲೆ ಉಪ್ಪು. ನನ್ ಹತ್ರ ಉಪ್ಪು ಕೇಳ್ಬೇಡಿ ಸಿಸ್ಟರ್. ಎಷ್ಟು ಮನೆ ಉಪ್ಪನ್ನ ಜೀಪಲ್ಲಿ ಕೂತು ಸೌತೆಕಾಯಿಗೆ ಹಚ್ಕೊಂಡು ತಿಂದಿದೀವಿ ನಾವು."

ನನಗೆ ನಗು ಬಂತು. ಅವರೂ ನಕ್ಕರು. ನನಗೆ ಭಯವಾದದ್ದು ಆ ನಗುವಿಗೇ. ಅಳುವವರ ಹತ್ತಿರ ಹೇಗೋ ಕೆಲಸ ಆಗುತ್ತದೆ. ನನ್ನ ಬತ್ತಳಿಕೆಯಲ್ಲಿದ್ದ ಎಲ್ಲವನ್ನೂ ಅವರು ಪಕ್ಕದಲ್ಲಿ ನಿಂತು ನೋಡಿದವರು. ಅವರ ಮೇಲೆ ಬಿಡಲು ಒಂದೂ ಉಳಿದಿರಲಿಲ್ಲ.

"ಹಾಗಾದ್ರೆ ನೀವೇ ಹೇಳಿ, ನಾನೇನ್ ಮಾಡ್ಲಿ" ಎಂದೆ.

"ಇದೂ ಹಳೇದೇ. ಆ ಮೇಷ್ಟ್ರ ಮನೇಲಿ ಹೇಳಿದ್ರಲ್ಲ."

ಆಮೇಲೆ ಅವರಾಗಿಯೇ ಹೇಳಿದರು. "ಆ ರುದ್ರಮುನಿ ಇದಾನಲ್ಲ. ದಿನಾ ಬಸ್ ಸ್ಟ್ಯಾಂಡ್ ಮುಂದೆ ಹೋಗ್ತೀನಿ. ಎದ್ದು ನಿಂತು, ಊಟ ಆಯ್ತಾ ಸಾರ್ ಅಂತಾನೆ. ಬೈಯಲ್ಲ. ಬೈದಿದ್ರೆ ಆಗ್ತಿತ್ತು. ಮೊನ್ನೆ ಜೋರು ಗಾಳಿ ಬೀಸ್ತಿತ್ತು, ಕಂಬಳಿ ಸುತ್ಕೊಂಡು ನಿಂತಿದ್ದ. ಅವತ್ತೂ ಕೇಳ್ದ. ಆಮೇಲಿಂದ ಅನ್ನ ಕಂಡ್ರೆ ಆಗ್ತಾ ಇಲ್ಲ ಸಿಸ್ಟರ್."

"ನೀವು ಒಡೀದಿದ್ರೆ ಅವನು ಸಾಯ್ತಿದ್ದ."

"ಇರಬಹುದು. ಅದನ್ನ ನಾನೂ ಹೇಳ್ಕೋತೀನಿ. ಹೇಳ್ಕೊಂಡ್ರೂ ಕೈಗೆ ಸುತ್ತಿಗೆ ಭಾರ ಗೊತ್ತಾಗುತ್ತೆ."

"ಇಂಜೆಕ್ಷನ್ ತಗೊಂಡ್ರಾ?"

"ತಗೊಂಡೆ."

"ಊಟ?"

ಮುಚ್ಚಳ ಮುಚ್ಚಿಕೊಂಡಿತು. ಮೆತ್ತಗೆ, ಮರ್ಯಾದೆಯಿಂದ ಮುಚ್ಚಿದರು.

ಇಂಜೆಕ್ಷನ್ ಚುಚ್ಚಿಕೊಂಡು ಊಟ ಬಿಡುವುದು ಬರೀ ಉಪವಾಸಕ್ಕಿಂತ ಅಪಾಯ. ಸಕ್ಕರೆ ಇಳಿದರೆ ಕೈ ನಡುಗುತ್ತದೆ, ಮಾತು ತೊದಲುತ್ತದೆ, ಆಮೇಲೆ ಎಚ್ಚರ ತಪ್ಪುತ್ತದೆ. ಅದು ಅವರಿಗೂ ಗೊತ್ತಿತ್ತು. ಆ ದಿನವೆಲ್ಲ ನಾನು ಕುಳಿತೆ. ಮುಚ್ಚಳ ಒಂದೆರಡು ಸಲ ತೆರೆಯಿತು. ನಾನು ಬಾಳೆಹಣ್ಣು ತೂರಿಸಿದೆ, ವಾಪಸ್ ಬಂತು. ಬೆಲ್ಲ ಇಟ್ಟೆ, ಅದೂ ವಾಪಸ್ ಬಂತು. ಕೊಡಬಾರದು, ಕೇಳಬೇಕು ಎಂದು ನನಗೆ ನಾನೇ ಹೇಳಿಕೊಳ್ಳುವವಳು ಅವತ್ತು ಇದ್ದಬದ್ದದ್ದನ್ನೆಲ್ಲ ಕೊಡಲು ಹೋದೆ. ಗುರುತಿಲ್ಲದವರ ಮನೆಯ ಮುಂದೆ ಬರುವ ತಾಳ್ಮೆ ನಮ್ಮವರ ಮನೆಯ ಮುಂದೆ ಬರುವುದಿಲ್ಲ.

ಮಾರನೆಯ ದಿನ ಮತ್ತೆ ಹೋದಾಗ ಅವರ ಮಾತು ತೊದಲುತ್ತಿತ್ತು. ನನ್ನನ್ನು ಒಂದು ಸಲ ಅಕ್ಕಾ ಎಂದು ಕರೆದರು. ಅವರಿಗೆ ಅಕ್ಕ ಇದ್ದು ತೀರಿಹೋಗಿದ್ದರು. ಅದನ್ನು ಕೇಳಿದ ಸಾಹೇಬರು, "ಸಿಸ್ಟರ್, ನಾನು ರಾತ್ರಿವರೆಗೂ ಕಾಯಲ್ಲ" ಎಂದರು.

"ಅವರನ್ನೂ ಬಯಲಿಗೆ ಹಾಕ್ತೀರಾ ಸಾರ್? ರುದ್ರಮುನಿ ಪಕ್ಕದಲ್ಲಿ?"

"ಹೆಣ ಎತ್ತೋದಕ್ಕಿಂತ ಅದು ವಾಸಿ. ನೀವು ಹೇಳಿ, ಅಲ್ವಾ?"

ಠಾಣೆಯಲ್ಲಿ ಯಾರೂ ಸುತ್ತಿಗೆ ಹಿಡಿಯಲು ಒಪ್ಪಿರಲಿಲ್ಲ. ಅದಕ್ಕೆ ಸಾಹೇಬರು ಗೋಡೆ ಕೊರೆಯುವ ಯಂತ್ರ ಬಾಡಿಗೆಗೆ ತರಿಸಿದ್ದರು. ಅದಕ್ಕೆ ಕರೆಂಟು ಬೇಕು. ಹತ್ತಿರದ ಪ್ಲಗ್ ಇದ್ದದ್ದು ಖುರ್ಷಿದಾಬಿಯ ಅಂಗಡಿಯಲ್ಲಿ. ಅವಳು ಟೀ ತರಲು ಹೋಗಿದ್ದಾಗ ಒಬ್ಬ ಕಾನ್‌ಸ್ಟೆಬಲ್ ವೈರು ಎಳೆದು ಸಿಕ್ಕಿಸಿದ. ಯಂತ್ರ ಒಂದು ಸಲ ಗುರ್ ಎಂದು, ಗಾರೆಯ ಮೇಲೆ ಒಂದು ಗೀರು ಎಳೆದು, ನಿಂತುಹೋಯಿತು. ಅಂಗಡಿಯ ದೀಪ, ಫ್ಯಾನು, ಹೊಲಿಗೆ ಯಂತ್ರದ ಮೋಟಾರು ಎಲ್ಲ ಒಟ್ಟಿಗೇ ನಿಂತವು.

ಟೀ ಹಿಡಿದುಕೊಂಡು ಬಂದ ಖುರ್ಷಿದಾಬಿ ಒಂದು ಸಲ ಫ್ಯಾನು ನೋಡಿದಳು, ಒಂದು ಸಲ ಕಾನ್‌ಸ್ಟೆಬಲ್‌ನನ್ನು ನೋಡಿದಳು. ಅವನು ಟೋಪಿ ಸರಿಮಾಡಿಕೊಂಡ. ಅವಳು ಅವನಿಗೇನೂ ಹೇಳಲಿಲ್ಲ. ನೇರವಾಗಿ ನಡುಗೋಡೆಯ ಹತ್ತಿರ ಹೋಗಿ, ಬಟ್ಟೆಯ ಥಾನುಗಳನ್ನು ಪಕ್ಕಕ್ಕೆ ಸರಿಸಿ, ಕತ್ತರಿಯ ಹಿಡಿಯಿಂದ ಗೋಡೆಗೆ ಬಡಿದಳು. ಮನೆ ಪಾಲಾದಾಗ ಮೀಟರ್ ಬೋರ್ಡು ಆ ಕಡೆಗೇ ಉಳಿದಿತ್ತಂತೆ, ಅದೇ ಗೋಡೆಯ ಮೇಲೆ. ಅವಳ ಫ್ಯೂಸ್ ಹೋದಾಗಲೆಲ್ಲ ಅವರೇ ಹಾಕಿಕೊಡಬೇಕು. ಹಾಗೆ ಬಡಿಯುವುದೂ ಅವರು ಒಳಗಿನಿಂದ ಗೊಣಗುವುದೂ ಬಹಳ ಕಾಲದಿಂದ ನಡೆದುಬಂದಿತ್ತಂತೆ. ಇದು ನನಗೆ ಆವತ್ತೇ ಗೊತ್ತಾದದ್ದು.

"ದಫೇದಾರ್ರೇ, ಫ್ಯೂಸ್ ಹೋಯ್ತು."

ಅವಳು ಮತ್ತೆ ಬಡಿದಳು. ನಾನೂ ಸಾಹೇಬರೂ ಅಂಗಡಿಯೊಳಗೆ ಬಂದು ನಿಂತೆವು.

"ಇಸ್ತ್ರಿಪೆಟ್ಟಿಗೆ ಹಾಕ್ಬೇಡಿ ಅಂತ ಎಷ್ಟ್ ಸಲ ಹೇಳಿದೀನಿ" ಎಂದು ಗೋಡೆಯ ಆಚೆಯಿಂದ ದನಿ ಬಂತು. ನಿಧಾನವಾಗಿ, ಎಳೆದು ಎಳೆದು ಬಂತು.

"ಇಸ್ತ್ರಿಪೆಟ್ಟಿಗೆ ಅಲ್ಲ. ನಿಮ್ಮೋರೇ ನನ್ ಪ್ಲಗ್ಗಿಗೆ ಏನೋ ಸಿಗ್ಸಿದ್ರು. ನಿಮ್ ಗೋಡೆ ಒಡೆಯೋದಕ್ಕಂತೆ."

"ಓಹೋ."

"ಓಹೋ ಅಲ್ಲ. ನೀವು ಒಳಗಿರ್ತೀರೋ ಹೊರಗಿರ್ತೀರೋ ನಿಮ್ಮಿಷ್ಟ. ಸಂಜೆ ಮದುವೆ ಹೆಣ್ಣು ಬರ್ತಾಳೆ ಬ್ಲೌಸಿಗೆ. ಒಂದು ತೋಳು ಕೂರಿಸಿದೀನಿ. ಇನ್ನೊಂದು ತೋಳು ಇಲ್ದೇನೇ ಧಾರೆಗೆ ಕೂತ್ಕೊಳಮ್ಮ ಅಂತ ಹೇಳ್ಲಾ?"

"ತುಳಿಯೋ ಮೆಷಿನ್ ಏನಾಯ್ತು?"

"ಶಬ್ದ ಶಬ್ದ ಅಂತ ನೀವೇ ತಾನೆ ಗಲಾಟೆ ಮಾಡಿ ಮಾರ್ಸಿದ್ದು."

ಆಚೆ ಕಡೆ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ದನಿ ಇನ್ನೂ ಹತ್ತಿರದಿಂದ ಬಂತು. "ಖುರ್ಷಿದಮ್ಮ, ಫ್ಯೂಸ್ ಹಾಕಿದ್ರೆ ಗೋಡೆ ಒಡೆಯೋ ಮೆಷಿನ್ನೂ ಓಡುತ್ತೆ."

ಅಂಗಡಿಯಲ್ಲಿದ್ದವರೆಲ್ಲ ಪ್ಲಗ್ಗನ್ನೇ ನೋಡಿದೆವು. ಖುರ್ಷಿದಾಬಿ ಟೀ ಲೋಟವನ್ನು ಮೇಜಿನ ಮೇಲಿಟ್ಟು, ಹೋಗಿ ಪ್ಲಗ್ ಕಿತ್ತು, ವೈರನ್ನು ಮೊಣಕೈಗೆ ಸುತ್ತಿ, ಸಾಹೇಬರ ಕೈಗೆ ಕೊಟ್ಟಳು.

"ಅಮ್ಮ, ಅವರ ಜೀವದ ಪ್ರಶ್ನೆ ಇದು" ಎಂದರು ಸಾಹೇಬರು.

"ನಂಗೂ ಗೊತ್ತು ಸಾಹೇಬ್ರೆ. ಆದ್ರೆ ಬಿಲ್ಲಲ್ಲಿ ಅರ್ಧ ನಾನ್ ಕಟ್ತೀನಿ. ನನ್ ಕರೆಂಟಲ್ಲಿ ಅವರ ಗೋಡೆ ಬೇಡ."

ಸಾಹೇಬರು ನನ್ನ ಕಡೆ ತಿರುಗಿದರು. "ಜೀಪಲ್ಲಿ ಸುತ್ತಿಗೆ ಇದೆ ಸಿಸ್ಟರ್."

"ಇದೆ ಸಾರ್" ಎಂದೆ.

ಅವರು ಅದನ್ನು ತರಲು ಯಾರಿಗೂ ಹೇಳಲಿಲ್ಲ. ವೈರನ್ನು ತೊಡೆಯ ಮೇಲಿಟ್ಟುಕೊಂಡು, ಗಿರಾಕಿಗಳ ಬೆಂಚಿನ ಮೇಲೆ ಕುಳಿತರು. ಹಿಂದೆ ಕಾದು ಸೋತ ಮನುಷ್ಯ ಮತ್ತೆ ಕಾಯಲು ಕೂರುವುದು ಎಷ್ಟು ಕಷ್ಟ ಎಂದು ಆ ಮುಖದಲ್ಲಿ ಕಾಣುತ್ತಿತ್ತು.

"ಪ್ಲಗ್ ತೆಗ್ದೆ, ಹಾಕಿ" ಎಂದಳು ಖುರ್ಷಿದಾಬಿ ಗೋಡೆಗೆ.

"ವೈರ್ ಸೇರಿಸೋಕೆ ಆಗ್ತಿಲ್ಲ. ಕೈ ನಡುಗ್ತಿದೆ."

"ಏನ್ ತಿಂದಿದೀರಿ?"

ಉತ್ತರವಿಲ್ಲ.

"ನಡುಗೋ ಕೈಯಲ್ಲಿ ಕರೆಂಟ್ ಮುಟ್ಬೇಡಿ. ಏನಾದ್ರೂ ಬಾಯಿಗೆ ಹಾಕ್ಕೊಂಡು ಆಮೇಲೆ ಮುಟ್ಟಿ. ನೀವು ಶಾಕ್ ಹೊಡ್ಸಿಕೊಂಡ್ರೆ ನನ್ ಫ್ಯೂಸ್ ಹಾಕೋರು ಯಾರು?"

ಗೋಡೆಯಾಚೆ ಹೆಜ್ಜೆಯ ಸದ್ದು ಒಳಗೆ ಹೋಯಿತು. ಡಬ್ಬದ ಮುಚ್ಚಳ ಬಿದ್ದು ನೆಲದ ಮೇಲೆ ಗಿರಗಿರ ತಿರುಗಿದ ಸದ್ದು ಕೇಳಿಸಿತು. ಆಮೇಲೆ ಬೆಲ್ಲ ಕಡಿದ ಸದ್ದು. ಗೋಡೆ ಅಷ್ಟು ತೆಳ್ಳಗಿತ್ತು. ಸಾಹೇಬರೂ ಕೇಳಿಸಿಕೊಂಡರು, ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ.

ಬೆಲ್ಲ ರಕ್ತಕ್ಕಿಳಿಯಲು ಸ್ವಲ್ಪ ಹೊತ್ತು ಬೇಕು. ಅಷ್ಟು ಹೊತ್ತೂ ಅವರಿಬ್ಬರೂ ಜಗಳವಾಡಿದರು. ಅವಳ ಅಂಗಡಿಯ ಚಿಂದಿ ಅವರ ಚರಂಡಿಯಲ್ಲಿ ಸಿಕ್ಕಿಕೊಂಡದ್ದು, ಅವರು ಬೆಳಿಗ್ಗೆ ಬೆಳಿಗ್ಗೆ ಗಂಟಲು ಸರಿಮಾಡಿಕೊಳ್ಳುವ ಶಬ್ದ, ಎಲ್ಲ ಬಂದು ಹೋದವು. ಮಾತಿನ ತೊದಲು ಕಡಿಮೆಯಾಗುತ್ತ ಬಂದದ್ದನ್ನು ನಾನು ಲೆಕ್ಕವಿಟ್ಟು ಕೇಳುತ್ತಿದ್ದೆ. ಕೊನೆಗೆ, "ಸ್ವಲ್ಪ ಸುಮ್ನಿರಿ, ಹಾಕ್ತಿದೀನಿ" ಎಂದರು.

ಆ ಹಳೆಯ ಫ್ಯೂಸು ಬಿಗಿ. ಒಂದು ಕೈಯನ್ನು ಗೋಡೆಗೆ ಒತ್ತಿ ಹಿಡಿದು ಇನ್ನೊಂದು ಕೈಯಿಂದ ತಳ್ಳಬೇಕು. ಅದು ಕೂತದ್ದು ನಮಗೆ ಗೊತ್ತಾದದ್ದು ಫ್ಯಾನು ತಿರುಗಿದಾಗ. ಫ್ಯಾನನ್ನೇ ನೋಡುತ್ತಿದ್ದುದರಿಂದ ಗೋಡೆಯ ಕಡೆ ಯಾರೂ ನೋಡಲಿಲ್ಲ. ಪಕ್ಕಕ್ಕೆ ಒರಗಿಸಿದ್ದ ಥಾನುಗಳು ಒಂದರ ಮೇಲೊಂದು ಉರುಳಿ ಬಿದ್ದವು. ತಿರುಗಿ ನೋಡಿದರೆ ಅಲ್ಲಿ ಬಾಗಿಲಿತ್ತು. ಹಸಿರು ಬಣ್ಣದ, ಒಂಟಿ ಹಲಗೆಯ, ಸಾಧಾರಣ ಬಾಗಿಲು.

ಒಳಗಿನಿಂದ ತಳ್ಳಿದರು. ತೆರೆಯಲಿಲ್ಲ. ಚಿಲಕ ನಮ್ಮ ಕಡೆಗಿತ್ತು, ಹಾಕಿಯೂ ಇತ್ತು. ಇಷ್ಟು ವರ್ಷದಲ್ಲಿ ಹಾಗೆ ಬಂದ ಬಾಗಿಲನ್ನು ನಾನು ನೋಡಿರಲಿಲ್ಲ. ಸಾಹೇಬರು ಎದ್ದು ಕೈ ಚಾಚಿದರು. ನಾನು ಅವರ ತೋಳು ಹಿಡಿದೆ.

"ಖುರ್ಷಿದಮ್ಮ" ಎಂದರು ಒಳಗಿನಿಂದ.

"ಏನು?"

"ಚಿಲಕ ನಿಮ್ ಕಡೆ ಇದೆ ಅನ್ಸುತ್ತೆ."

"ಇದೆ."

ಅವಳು ಅವಸರ ಮಾಡಲಿಲ್ಲ. ನೆಲದ ಮೇಲೆ ಬಿದ್ದಿದ್ದ ರೇಷ್ಮೆಯನ್ನು ಎತ್ತಿ ಕೊಡವಿ ಮಡಿಸಿಟ್ಟಳು.

"ತೆಗೀರಮ್ಮ" ಎಂದರು.

ಅವಳು ತೆಗೆದಳು. ಪುಟ್ಟಮಲ್ಲಪ್ಪನವರು ಬನಿಯನ್ನಿನಲ್ಲಿ, ಗಡ್ಡ ಬಿಟ್ಟುಕೊಂಡು, ಫ್ಯೂಸ್ ವೈರಿನ ತುಂಡು ಹಿಡಿದುಕೊಂಡು ನಿಂತಿದ್ದರು. "ಥಾನಿನ ಮೇಲೆ ಕಾಲಿಡ್ಬೇಡಿ" ಎಂದಳು ಅವಳು. ಅವರು ದಾಟಿಕೊಂಡು ಬಂದರು. ಸಾಹೇಬರು ಬೆಂಚಿನ ಮೇಲೆ ಸರಿದು ಜಾಗ ಕೊಟ್ಟರು. ನಾನು ರಕ್ತ ಪರೀಕ್ಷೆ ಮಾಡಿದೆ. ಸಕ್ಕರೆ ಕಡಿಮೆಯಿತ್ತು, ಆದರೆ ಏರುತ್ತಿತ್ತು. ಹೋಟೆಲಿನಿಂದ ಉಪ್ಪಿಟ್ಟು ತರಿಸಿದೆವು. ಅವರು ತಟ್ಟೆಯನ್ನು ಒಂದಷ್ಟು ಹೊತ್ತು ನೋಡಿ, ಆಮೇಲೆ ತಿಂದರು. ರುದ್ರಮುನಿಯ ಮಾತು ಯಾರೂ ಎತ್ತಲಿಲ್ಲ. ಅವನು ಇವತ್ತಿಗೂ ಬಸ್ ನಿಲ್ದಾಣದಲ್ಲೇ ಇದ್ದಾನೆ. ಒಂದು ಬಾಗಿಲು ಬಂದ ಮಾತ್ರಕ್ಕೆ ಊರಿನದೆಲ್ಲ ಸರಿಹೋಗುವುದಿಲ್ಲ.

ಬಾಗಿಲು ಬಂದ ಕಡೆಯೇ ಬಾಗಿಲು. ಅದನ್ನು ಕಿತ್ತು ಬೇರೆಡೆ ಇಡಲು ಬರುವುದಿಲ್ಲ. ಬೀದಿ ಕಡೆ ಗೋಡೆ ಗೋಡೆಯಾಗಿಯೇ ಉಳಿಯಿತು, ಸಾಹೇಬರ ಯಂತ್ರ ಎಳೆದ ಗೀರಿನ ಸಮೇತ. ಇನ್ನು ಮೇಲೆ ದಫೇದಾರರು ಮನೆಯಿಂದ ಹೊರಡಬೇಕಾದರೂ ಮನೆ ಸೇರಬೇಕಾದರೂ ಹೆಂಗಸರ ಟೈಲರ್ ಅಂಗಡಿಯ ಮೂಲಕವೇ ಹೋಗಬೇಕು. ಸಂಜೆ ಮದುವೆ ಹೆಣ್ಣು ಎರಡೂ ತೋಳಿನ ಬ್ಲೌಸು ತೆಗೆದುಕೊಂಡು ಹೋದ ಮೇಲೆ ಖುರ್ಷಿದಾಬಿ ಈ ವಿಷಯ ಎತ್ತಿದಳು.

"ಬರೋಕೆ ಮೊದ್ಲು ಕೆಮ್ಮಬೇಕು. ನಾನು ಬನ್ನಿ ಅಂದ್ಮೇಲೇನೇ ಬರ್ಬೇಕು."

"ಆಯ್ತು."

"ಈಗ ಅಂಗಡಿ ಮುಚ್ತೀನಿ. ಈ ಚಿಲಕ ಹಾಕ್ಕೊಂಡು ಹೋಗ್ಲಾ ಬೇಡ್ವಾ?"

ಪುಟ್ಟಮಲ್ಲಪ್ಪನವರು ಚಿಲಕವನ್ನು ನೋಡಿದರು. "ಹಾಕಿದ್ರೆ ನಾನು ಒಳಗೇ."

"ಹಾಕ್ದಿದ್ರೆ ನನ್ ರೇಷ್ಮೆ ಎಲ್ಲ ಬಯಲಲ್ಲಿದ್ದಂಗೆ."

"ಒಳಗಿರೋನು ಪೊಲೀಸು ಕಣಮ್ಮ."

"ಅದಕ್ಕೇ ಕೇಳ್ತಿರೋದು."

ಸಾಹೇಬರು ನಕ್ಕರು. ಆ ಎರಡು ದಿನದಲ್ಲಿ ಅವರು ನಕ್ಕದ್ದು ಅದೇ ಮೊದಲು. ಪುಟ್ಟಮಲ್ಲಪ್ಪನವರು ನಗಲಿಲ್ಲ. ಉಪ್ಪಿಟ್ಟಿನ ತಟ್ಟೆಯನ್ನು ಬೆಂಚಿನ ಕೆಳಗೆ ಇಟ್ಟು, ಬಹಳ ಯೋಚನೆ ಮಾಡಿ, "ಹಾಕ್ಬೇಡಿ" ಎಂದರು.

ಖುರ್ಷಿದಾಬಿಯೂ ಯೋಚನೆ ಮಾಡಿದಳು. ಚಿಲಕ ಹಾಕದಿದ್ದರೂ ಹೊರಗಿನ ಶಟರಿಗೆ ಅವಳು ಬೀಗ ಹಾಕಿಕೊಂಡು ಹೋದರೆ ಅವರು ಒಳಗೇ ತಾನೆ. ಅವಳು ಮೇಜಿನ ಖಾನೆ ಎಳೆದು, ಗುಂಡಿಗಳ ಡಬ್ಬಿಯಲ್ಲಿ ಬೆರಳಾಡಿಸಿ, ಶಟರಿನ ಇನ್ನೊಂದು ಕೀಲಿಕೈ ತೆಗೆದು ಅವರ ಮುಂದೆ ಹಿಡಿದಳು.

"ಕಳ್ಕೊಂಡ್ರೆ ಹೊಸ ಬೀಗ ನಿಮ್ದೇ. ಬೆಳಿಗ್ಗೆ ಹೋಗುವಾಗ ಶಟರ್ ಪೂರ್ತಿ ಎತ್ಬೇಡಿ, ನಾನು ಬರೋದ್ರೊಳಗೆ ಗಿರಾಕಿಗಳು ಬಂದು ಕೂತ್ಕೋತಾರೆ. ಬಗ್ಗಿ ಹೋಗಿ."

"ಬಗ್ಗೇ ಹೋಗ್ತೀನಿ" ಎಂದರು. ಕೀಲಿಕೈ ಇಡಲು ಬನಿಯನ್ನಿಗೆ ಜೇಬಿರಲಿಲ್ಲ. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಒಳಗೆ ಹೋಗಿ, ಬಾಗಿಲನ್ನು ಎಳೆದುಕೊಂಡರು. ಅದು ಪೂರ್ತಿ ಕೂರಲಿಲ್ಲ. ಸಂದಿನಿಂದ ಅವರು ಅಕ್ಕಿ ತೊಳೆಯುವ ಸದ್ದು ಕೇಳುತ್ತಿದ್ದಂತೆ ನಾವು ದೀಪ ಆರಿಸಿ ಹೊರಗೆ ಬಂದೆವು.